ಓನರಮ್ಮ ಮಾಡಿದ ಆಣೆ

ಓನರಮ್ಮನ ಬಳೆಗಳೆಲ್ಲ ಬಲಗೈಯಲ್ಲೇ ಇದ್ದವು. ಹಸಿರು ಗಾಜಿನವು, ನಡುವೆ ಒಂದೆರಡು ಚಿನ್ನದವು, ಮಣಿಕಟ್ಟಿನಿಂದ ಮೇಲಕ್ಕೆ ಒತ್ತೊತ್ತಾಗಿ ಏರಿ ನಿಂತಿರುತ್ತಿದ್ದವು. ಎಡಗೈಯಲ್ಲಿ ಒಂದು ಬಳೆಯೂ ಇಲ್ಲ. ಆ ಕೈ ಬೆರಳಿನಿಂದ ತೋಳಿನವರೆಗೆ ಊದಿಕೊಂಡು, ಚರ್ಮ ಬಿಗಿದು ಹೊಳೆಯುತ್ತಿತ್ತು. ಎದೆಯ ಆಪರೇಷನ್ ಮಾಡುವಾಗ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ಅಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಮುತ್ತೈದೆಯ ಕೈ ಬರಿದಾಗಿರಬಾರದೆಂದು ಅರಿಶಿನದ ದಾರವೊಂದನ್ನು ಸಡಿಲವಾಗಿ ಕಟ್ಟಿಕೊಂಡಿದ್ದರು. ಹೊಸದಾಗಿ ಬಾಡಿಗೆಗೆ ಬಂದವರು ಕೈಗೇನಾಯಿತೆಂದು ಕೇಳಿದರೆ, "ಏನಿಲ್ಲ ಕಣವ್ವಾ, ನಿಮ್ಗೆಲ್ಲ ನೀರು ಬಿಡಕ್ಕೆ ವಾಲ್ವು ತಿರುಗ್ಸಿ ತಿರುಗ್ಸಿ ಊದ್ಕೊಂತು" ಎನ್ನುತ್ತಿದ್ದರು. ಕೇಳಿದವರು ಪಾಪ, ನಂಬಿ ನೀರನ್ನು ಸ್ವಲ್ಪ ಹಿಡಿತದಲ್ಲಿ ಬಳಸುತ್ತಿದ್ದರು.

ರಾಜಗೋಪಾಲನಗರದಲ್ಲಿ ಅವರದು ಮೂರಂತಸ್ತಿನ ಕಟ್ಟಡ. ಕೆಳಗೆ ಅವರ ಮನೆ, ಮೇಲೆ ಒಂದು ರೂಮು, ಒಂದು ಅಡುಗೆಕಟ್ಟೆಯ ಬಾಡಿಗೆ ಮನೆಗಳು. ಅವರು ಸೊಸೆಯಾಗಿ ಬಂದಾಗ ಅದೇ ಜಾಗದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದರಂತೆ. ಪೀಣ್ಯದ ಕಾರ್ಖಾನೆಗಳು ಬೆಳೆದ ಮೇಲೆ ಹೊಲ ಸೈಟಾಯಿತು, ಸೈಟಿನ ಮೇಲೆ ನಾವೆಲ್ಲ ಬಂದು ಕೂತೆವು. ಹೊಲದಲ್ಲಿ ನಿಂತು ಕೂಗಿ ಅಭ್ಯಾಸವಾದ ಗಂಟಲು ಮಾತ್ರ ಹಾಗೇ ಉಳಿದಿತ್ತು. ಕೆಳಗೆ ನಿಂತು "ನೀರ್ ಬಿಟ್ಟಿವ್ನೀ" ಎಂದರೆ ಕೊನೆಯ ಮಹಡಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿದವರೂ ಎದ್ದು ಕೂರುತ್ತಿದ್ದರು.

ನಾನು, ನನ್ನ ಗಂಡ ಕೊಪ್ಪಳದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದಾಗ ಮೊದಲು ಸಿಕ್ಕ ಮನೆ ಅದು. ಅವನು ಮಷೀನ್ ಆಪರೇಟರ್, ನಾನು ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಬೆಂಗಳೂರಿನ ಓನರುಗಳ ಬಗ್ಗೆ ನಮ್ಮೂರಲ್ಲಿ ಸಾಕಷ್ಟು ಹೆದರಿಸಿಯೇ ಕಳಿಸಿದ್ದರು. ಓನರಮ್ಮ ಆ ಹೆದರಿಕೆಗೆ ಮೋಸ ಮಾಡಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರೆ ಬೈಗುಳ, ಗೋಡೆಗೆ ಮೊಳೆ ಹೊಡೆದರೆ ಬೈಗುಳ. ನಾನು ರೊಟ್ಟಿ ಬಡಿಯಲು ಕೂತರೆ ಕೆಳಗಿನಿಂದ ಕೂಗು ಬರುತ್ತಿತ್ತು: "ಏನೇ ಉಬ್ಬಳ್ಳಿ, ಬೆಳ್‌ಬೆಳಗ್ಗೆ ನನ್ ಮನೆ ಕೆಡವ್ತಿದ್ದೀಯಾ?"

"ಅಮ್ಮಾರ, ನಂದು ಹುಬ್ಬಳ್ಳಿ ಅಲ್ರಿ, ಕೊಪ್ಪಳದ ಕಡೀಗೆ" ಎಂದು ಎಷ್ಟು ಸಲ ಹೇಳಿದರೂ ಅಷ್ಟೇ.

"ಎಲ್ಲಾ ಒಂದೇ ತಕ್ಕೋ. ತುಮಕೂರು ದಾಟಿದ್ರೆ ನಂಗೆಲ್ಲ ಉಬ್ಬಳ್ಳಿನೇ."

ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಬೇಕೆಂದೇ ಇನ್ನೂ ಜೋರಾಗಿ ರೊಟ್ಟಿ ಬಡಿಯುತ್ತಿದ್ದೆ. ಆಮೇಲೆ ಅದರಲ್ಲೇ ಎರಡು ರೊಟ್ಟಿ, ಶೇಂಗಾ ಚಟ್ನಿ ಕೆಳಗೆ ಕೊಟ್ಟು ಬರುತ್ತಿದ್ದೆ. ಅವರು ಅದೇ ತಟ್ಟೆಯಲ್ಲಿ ಸೊಪ್ಪಿನ ಸಾರು ಹಾಕಿ ಕಳಿಸುತ್ತಿದ್ದರು. ಬರಿದಾದ ತಟ್ಟೆ ವಾಪಸ್ ಕಳಿಸುವುದು ಅವರ ಮನೆಯಲ್ಲಿ ಇರಲಿಲ್ಲ.

ಅವರೊಳಗೆ ಇದ್ದದ್ದೇನು ಎಂದು ನನಗೆ ತಿಳಿದದ್ದು ನನ್ನ ಹೆರಿಗೆಯ ಹೊತ್ತಿಗೆ. ನನ್ನವ್ವ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಬಂದು ಬಾಣಂತನ ಮಾಡುವವರು ಯಾರೂ ಇರಲಿಲ್ಲ. ಆಸ್ಪತ್ರೆಯಿಂದ ಮಗು ಎತ್ತಿಕೊಂಡು ಬಂದಾಗ ಓನರಮ್ಮ ಮೆಟ್ಟಿಲಿಗೆ ಅಡ್ಡ ನಿಂತರು. "ಮ್ಯಾಕೆ ಒಬ್ಳೇ ಏನ್ ಮಾಡ್ತೀಯೇ? ಇಲ್ಲೇ ಒಳಗೆ ಬಾ" ಎಂದು ತಮ್ಮ ಮನೆಯ ನಡುಕೋಣೆಯನ್ನೇ ಬಿಟ್ಟುಕೊಟ್ಟರು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಆ ಕಾಲ ಮೇಲೆ ನನ್ನ ಮಗಳನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಮಗು ಚೀರಿದಷ್ಟೂ ಅವರಿಗೆ ಖುಷಿ. "ಉಬ್ಬಳ್ಳಿ ಗಂಟ್ಲು ಕಣೆ, ಬಾಯಿ ನೋಡು ಎಂಗೈತೆ!" ನಮ್ಮ ಕಡೆ ಬಾಣಂತಿಗೆ ಕೊಡುವ ಅಳವಿ ಬೀಜದ ಪಾಯಸ ಬೇಕೆಂದು ನಾನು ಹಟ ಮಾಡಿದೆ. ಅದೆಂಥ ಬೀಜವೋ ಎಂದು ಗೊಣಗಿದರು. ಮಾರನೇ ದಿನ ಯಾವುದೋ ಗ್ರಂಧಿಗೆ ಅಂಗಡಿಯಿಂದ ತಂದು, ನನ್ನನ್ನೇ ಕೇಳಿ ಕೇಳಿ ಮಾಡಿದರು. ಹೆತ್ತ ತಾಯಿ ಇದ್ದಿದ್ದರೆ ಇನ್ನೇನು ಮಾಡುತ್ತಿದ್ದಳೋ ನನಗೆ ಗೊತ್ತಿಲ್ಲ.

ಹಾಗಾಗಿ ಮುಂದೊಂದು ದಿನ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಅವರು ಹತ್ತಿರ ಬಂದು, ನನ್ನ ಕೈ ಹಿಡಿದು ತಮ್ಮ ಎದೆಯ ಎಡಭಾಗಕ್ಕೆ ಒತ್ತಿಕೊಂಡು, "ಇಲ್ಲಿ ಏನೋ ಐತೆ ನೋಡೇ" ಎಂದಾಗ ನಾನು ಸಂಕೋಚಪಡಲಿಲ್ಲ. ಅವರೆಕಾಳಿಗಿಂತ ದೊಡ್ಡದಾದ ಗಟ್ಟಿ ಗಂಟು ಬೆರಳಿಗೆ ಸಿಕ್ಕಿತು. ಮಗನಿಗೆ ಹೇಳಲು ಅವರಿಗೆ ನಾಚಿಕೆ. ಅವರ ಯಜಮಾನರಿಗೆ ಆಸ್ಪತ್ರೆಯ ವಾಸನೆ ಬಡಿದರೆ ತಲೆ ತಿರುಗುತ್ತದೆ. ನನಗೆ ಆಗ ಸೆಕೆಂಡ್ ಶಿಫ್ಟ್, ಬೆಳಗಿನ ಹೊತ್ತು ಬಿಡುವು. ಕೂಸಿನಂತೆ ಕೈ ಹಿಡಿದು ಕರೆದುಕೊಂಡು ಹೋದೆ. ಅಲ್ಲಿಂದ ಶುರುವಾದ ಓಡಾಟ ಆಪರೇಷನ್, ಕೀಮೊ, ಆಮೇಲೆ ಕರೆಂಟು ಕೊಡುವವರೆಗೂ ನಡೆಯಿತು. ರೇಡಿಯೇಷನ್ನಿಗೆ ಅವರಿಟ್ಟ ಹೆಸರು ಕರೆಂಟು.

ಕೀಮೊ ಶುರುಮಾಡುವ ಮೊದಲು ಅವರ ಹೃದಯದ ಎಕೋ ಸ್ಕ್ಯಾನ್ ಮಾಡಿಸಬೇಕೆಂದರು. ಓನರಮ್ಮನಿಗೆ ಅದು ಅರ್ಥವಾಗಲಿಲ್ಲ. "ಗಂಟು ಇದ್ದಿದ್ದು ಮ್ಯಾಗೆ, ಇವ್ರ್ಯಾಕೆ ಗುಂಡ್ಗೆ ಕೆದಕ್ತಾವ್ರೆ?" ಎಂದು ಡಾಕ್ಟರ ಎದುರೇ ನನ್ನನ್ನು ಕೇಳಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಿಟ್ಟಾಗಲಿಲ್ಲ. ಕುರ್ಚಿ ಮುಂದಕ್ಕೆಳೆದುಕೊಂಡು ಕೂತು ಬಿಡಿಸಿ ಹೇಳಿದರು.

"ನೋಡಿಯಮ್ಮ, ನಿಮಗೆ ಕೊಡೋ ಔಷಧಿ ಗಡ್ಡೆದು ಒಳಗೆ ಏನಾದ್ರೂ ಉಳಿದಿದ್ರೆ ಅದನ್ನ ಸಾಯಿಸುತ್ತೆ. ಆದ್ರೆ ಕೆಲವರಿಗೆ ಹೃದಯದ ಶಕ್ತಿನೂ ಕಮ್ಮಿ ಮಾಡಿಬಿಡುತ್ತೆ. ಎಲ್ಲರಿಗೂ ಅಲ್ಲ, ಕೆಲವರಿಗೆ. ಎಡಗಡೆ ರೇಡಿಯೇಷನ್ ಬೇರೆ ಕೊಡ್ಬೇಕು. ನಿಮಗೆ ಬಿಪಿ ಬೇರೆ ಇದೆ. ಅದಕ್ಕೆ ಮೊದಲೂ ನೋಡ್ತೀವಿ, ಮಧ್ಯೆನೂ ನೋಡ್ತೀವಿ, ಎಲ್ಲಾ ಮುಗಿದ ಮೇಲೂ ನೀವು ಬಂದು ತೋರಿಸ್ತಾನೇ ಇರ್ಬೇಕು. ಬೇಗ ಗೊತ್ತಾದ್ರೆ ಮಾತ್ರೆಯಲ್ಲೇ ಹಿಡಿದು ನಿಲ್ಲಿಸಬಹುದು."

"ಮುಗುದ್ಮ್ಯಾಕೂ ಯಾಕೆ?"

"ಕೆಲವು ಸಲ ವರ್ಷಗಳಾದ ಮೇಲೆ ಕಾಣಿಸ್ಕೊಳ್ಳುತ್ತೆ. ಮೆಟ್ಟಿಲು ಹತ್ತುವಾಗ ಏದುಸಿರು, ಕಾಲು ಊದೋದು, ಮಲಗಿದ್ರೆ ಉಸಿರು ಕಟ್ಟೋದು, ಏನಾದ್ರೂ ಆದ್ರೆ ತಡ ಮಾಡ್ಬೇಡಿ. ಮತ್ತೆ ಯಾವ ಡಾಕ್ಟರ ಹತ್ರ ಹೋದ್ರೂ ಈ ಟ್ರೀಟ್‌ಮೆಂಟ್ ಆಗಿದೆ ಅಂತ ಮೊದಲು ಹೇಳಿ."

ಓನರಮ್ಮ ತಲೆಯಾಡಿಸಿದರು. ಚಿಕಿತ್ಸೆಯ ಕಾಲದಲ್ಲಿ ಅವರಷ್ಟು ಹೇಳಿದ ಮಾತು ಕೇಳಿದ ರೋಗಿಯನ್ನು ನಾನು ಕಂಡಿಲ್ಲ. ಕೀಮೊಗೆ ಏರಿಸುವ ಔಷಧಿ ಕೆಂಪಗಿತ್ತು. ಅದನ್ನು ಕುಂಕುಮದ ನೀರು ಎಂದು ಕರೆದು, ಸೂಜಿ ಚುಚ್ಚುವ ಮುಂಚೆ ಕೈಮುಗಿಯುತ್ತಿದ್ದರು. ಕೂದಲು ಉದುರಿದಾಗ ನನ್ನ ಗಂಡನ ಉಣ್ಣೆಯ ಟೋಪಿ ಇಸಿದುಕೊಂಡು ಹಾಕಿಕೊಂಡರು. ಬಿಪಿ ಮಾತ್ರೆ ತಪ್ಪಿಸಲಿಲ್ಲ. ಉಪ್ಪು ಕಮ್ಮಿ ಮಾಡಬೇಕೆಂದಾಗ ಮಾತ್ರ ಕಣ್ಣಲ್ಲಿ ನೀರು ಬಂದಿತ್ತು. ಉಪ್ಪಿನಕಾಯಿ ಇಲ್ಲದೆ ಮುದ್ದೆ ನುಂಗುವುದು ಅವರಿಗೆ ಕೀಮೊಗಿಂತ ದೊಡ್ಡ ಶಿಕ್ಷೆಯಾಗಿತ್ತು. ಆದರೂ ಬಿಟ್ಟರು. ನಡೆಯಬೇಕೆಂದು ಡಾಕ್ಟರು ಹೇಳಿದ್ದಕ್ಕೆ ಸಂಜೆ ತಾರಸಿಯಲ್ಲಿ ನೀರಿನ ಟ್ಯಾಂಕುಗಳ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ನಡುವೆ ಮಾಡಿದ ಎಕೋಗಳೆಲ್ಲ ಸರಿಯಾಗಿಯೇ ಬಂದವು. "ನನ್ ಗುಂಡ್ಗೆ ರಾಗಿ ತಿಂದು ಬೆಳದಿರಾದು" ಎಂದು ನರ್ಸುಗಳ ಮುಂದೆ ಜಂಬ ಕೊಚ್ಚುತ್ತಿದ್ದರು.

ಎಲ್ಲ ಮುಗಿದು, ಕಾಯಿಲೆ ಪೂರ್ತಿ ಹೋಗಿದೆ ಎಂದು ಹೇಳಿಸಿಕೊಂಡು ಬಂದ ವಾರವೇ ಮಾರಮ್ಮನಿಗೆ ತಂಬಿಟ್ಟಿನ ಆರತಿ ಹೊತ್ತರು. ಸಣ್ಣ ಗುಡಿ, ಈಗ ಅದರ ಒಂದು ಬದಿಗೆ ವರ್ಕ್‌ಶಾಪು, ಇನ್ನೊಂದು ಬದಿಗೆ ಬೇಕರಿ. ನೆತ್ತಿಯ ಮೇಲೆ ಆಗಷ್ಟೇ ಚಿಗುರಿದ ಕೂದಲಿಗೆ ಹೂವು ನಿಲ್ಲದೆ ಪಿನ್ನು ಸಿಕ್ಕಿಸಿಕೊಂಡಿದ್ದರು. ಪೂಜೆ ಆದ ಮೇಲೆ ಯಜಮಾನರು ಕರ್ಪೂರ ಹಚ್ಚಿದರು. "ಇನ್ಮ್ಯಾಕೆ ಇದ್ರ ಎಸ್ರು ಈ ಮನೆಯೋರ ಬಾಯಲ್ಲಿ ಬರಬಾರ್ದು. ತಾಯಿ ತಕ್ಕಂಡು ಓಗವ್ಳೆ. ಎಸ್ರಿಡಿದು ಕರದ್ರೆ ತಿರುಗಿ ಬಾಗ್ಲಿಗೆ ಬತ್ತದೆ" ಎಂದರು. ಮಗ ಕರ್ಪೂರದ ಉರಿಯ ಮೇಲೆ ಕೈಯಾಡಿಸಿ ಆಣೆ ಮಾಡಿದ. ಓನರಮ್ಮನೂ ಮಾಡಿದರು. ಅವರ ಮುಖದಲ್ಲಿ ಅಷ್ಟೊಂದು ನೆಮ್ಮದಿ ನಾನು ಹಿಂದೆ ಕಂಡಿರಲಿಲ್ಲ. ಹೋದ ಪೀಡೆಯ ಹೆಸರೆತ್ತಬಾರದು ಎನ್ನುವುದು ನಮ್ಮ ಕಡೆಯೂ ಇರುವ ನಂಬಿಕೆಯೇ. ತಂಬಿಟ್ಟು ಬಲು ರುಚಿಯಾಗಿತ್ತು, ಕೇಳಿ ಹಾಕಿಸಿಕೊಂಡು ತಿಂದೆವು.

ಅದಾಗಿ ಕೆಲವು ತಿಂಗಳಿಗೆ ನನ್ನ ಗಂಡನಿಗೆ ವೈಟ್‌ಫೀಲ್ಡ್ ಕಡೆ ಹೆಚ್ಚಿನ ಸಂಬಳದ ಕೆಲಸ ಸಿಕ್ಕಿತು. ಕುಂದಲಹಳ್ಳಿಗೆ ಮನೆ ಬದಲಿಸಿದೆವು. ಊರಿನ ಆ ತುದಿಗೂ ಈ ತುದಿಗೂ ಮೆಟ್ರೊದಲ್ಲೇ ಅರ್ಧ ದಿನ ಹೋಗುತ್ತದೆ. ಹಬ್ಬಕ್ಕೊಮ್ಮೆ ಹೋಗಿ ಬರುತ್ತಿದ್ದೆ, ಉಳಿದಂತೆ ಫೋನು. ಫೋನಿನಲ್ಲಿ ಆ ಗಂಟಲು ಯಾವತ್ತೂ ಗಟ್ಟಿಯಾಗಿಯೇ ಇರುತ್ತಿತ್ತು. ಎಕೋ ಮಾಡಿಸಿದಿರಾ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದರು. ಒಮ್ಮೆ ಒತ್ತಿ ಕೇಳಿದ್ದಕ್ಕೆ, "ಒಳೆ ದಾಟಿದ್ಮ್ಯಾಕೆ ಅಂಬಿಗನ ಅಂಗ್ಯಾಕೆ ಬಿಡೇ" ಎಂದು ನಕ್ಕರು. ಆಸ್ಪತ್ರೆಯವರು ತಪಾಸಣೆಗೆ ಬನ್ನಿ ಎಂದು ಫೋನು ಮಾಡಿದಾಗೆಲ್ಲ ಯಜಮಾನರು ರಾಂಗ್ ನಂಬರ್ ಎಂದು ಇಡುತ್ತಿದ್ದರೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಹೆಂಡತಿಯ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಆ ಹೆಸರು ಮನೆಯೊಳಗೆ ಫೋನಿನಲ್ಲಾದರೂ ಯಾಕೆ ಬರಬೇಕು ಎಂಬ ಭಯ ಅವರಿಗೆ.

ಎರಡು ವರ್ಷದ ಮೇಲೆ ಒಂದು ಯುಗಾದಿಗೆ ಹೋದಾಗ ಓನರಮ್ಮ ನನ್ನನ್ನು ಗೇಟಿನಲ್ಲಿ ಬೈಯಲಿಲ್ಲ. ಮಂಚದ ಮೇಲೆ ದಿಂಬು ಪೇರಿಸಿ ಒರಗಿ ಕೂತಿದ್ದರು. ಎದ್ದು ಅಡುಗೆಮನೆಗೆ ಹೋಗಿ ಒಬ್ಬಟ್ಟು ತರುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ಕಾಲುಂಗುರ ಕಾಲಲ್ಲಿರಲಿಲ್ಲ, ಬೆರಳು ಊದಿ ಉಂಗುರ ಬಿಗಿಯಾಗಿದ್ದರಿಂದ ಅದನ್ನು ಕತ್ತರಿಸಿ ತೆಗೆಸಿದ್ದರು. ಅವರು ಕೊಟ್ಟ ಒಬ್ಬಟ್ಟಿನ ತಟ್ಟೆ ನನ್ನ ಕೈಯಲ್ಲಿ ಹಾಗೇ ಉಳಿಯಿತು.

"ಏನ್ರಿ ಅಮ್ಮಾರ ಇದು? ಎಷ್ಟು ದಿನದಿಂದ ಹಿಂಗದೀರಿ?"

"ಗ್ಯಾಸು ಕಣೆ. ಒಟ್ಟೆ ಮ್ಯಾಕೆ ಒತ್ತುತ್ತದೆ, ಅದ್ಕೇ ದಮ್ಮು."

ಬೀದಿಯ ಕ್ಲಿನಿಕ್ಕಿಗೆ ತೋರಿಸಿದ್ದರಂತೆ. ಅಲ್ಲಿನ ಡಾಕ್ಟರು ಮೊದಲು ಗ್ಯಾಸಿಗೆ, ಆಮೇಲೆ ಆಸ್ತಮಾ ಇರಬಹುದೆಂದು ಸೇದುವ ಔಷಧಿ ಕೊಟ್ಟಿದ್ದರು. ಹಿಂದೆ ಏನಾದರೂ ದೊಡ್ಡ ಕಾಯಿಲೆ, ಆಪರೇಷನ್ ಆಗಿತ್ತಾ ಎಂದು ಆ ಡಾಕ್ಟರು ಕೇಳಿಯೂ ಇದ್ದರು.

"ನೀವೇನಂದ್ರಿ?"

"ಏನಿಲ್ಲ ಸಾರ್, ಗಟ್ಟಿ ಜೀವ ಅಂದೆ."

ನನ್ನ ಸಿಟ್ಟು ನೆತ್ತಿಗೇರಿತು. ಹಬ್ಬದ ದಿನ, ಬಾಗಿಲಿಗೆ ತೋರಣ, ದೇವರ ಮುಂದೆ ದೀಪ, ಯಾವುದನ್ನೂ ನೋಡಲಿಲ್ಲ. "ಕ್ಯಾನ್ಸರ್ ಆಗಿತ್ತು ಅಂತ ಹೇಳಾಕ ಬಾಯಿಲ್ಲೇನ್ರಿ ನಿಮಗ? ಆ ಡಾಕ್ಟರಮ್ಮ ಬಡಕೊಂಡು ಹೇಳಿದ್ಲಲ್ಲ, ಹೃದಯಕ್ಕ ಬರ್ತೈತಿ ಅಂತ!" ಎಂದು ಕೂಗಿಬಿಟ್ಟೆ. ಓನರಮ್ಮ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. ಯಜಮಾನರು ಹೊರಗಿನ ಕುರ್ಚಿಯಿಂದ ಎದ್ದು ಬಂದು, ಯಾವತ್ತೂ ದನಿಯೇರಿಸದ ಮನುಷ್ಯ, "ಅಬ್ಬದ್ ದಿನ ಅಪಶಕುನ ನುಡೀಬ್ಯಾಡ, ಎದ್ದೋಗವ್ವ" ಎಂದರು. ಓನರಮ್ಮ ನನ್ನ ಕಡೆ ನೋಡಲೇ ಇಲ್ಲ. ನಾನು ಮಗಳ ಕೈಹಿಡಿದು ಎದ್ದು ಬಂದೆ. ಮೆಟ್ರೊದಲ್ಲಿ ಇಡೀ ದಾರಿ ಅತ್ತೆ, ಎದುರು ಕೂತವರು ಏನೆಂದುಕೊಂಡರೋ.

ಒಂದು ವಾರ ಕಳೆದಿರಬೇಕು. ಫೋನು ಬಂತು. ಗಂಟಲು ಸಣ್ಣಗಾಗಿತ್ತು.

"ಉಬ್ಬಳ್ಳಿ, ಬಾರೇ. ಮಲಗಕ್ಕೆ ಆಯ್ತಿಲ್ಲ. ಆಸ್ಪತ್ರೆಗೆ ಓಗನ."

"ಬರ್ತೀನ್ರಿ. ಆದ್ರ ಅಲ್ಲಿ ಎಲ್ಲಾ ಹೇಳಬೇಕು ನೋಡ್ರಿ."

"ನಾನ್ ಯೋಳಕ್ಕಿಲ್ಲ. ಆಣೆ ಮಾಡಿವ್ನಿ." ಏದುಸಿರು ಬಿಡುತ್ತಲೇ ಮುಂದುವರಿಸಿದರು. "ಆಣೆ ಮಾಡಿರಾದು ನನ್ ನಾಲ್ಗೆ. ನಿನ್ ನಾಲ್ಗೆ ಅಲ್ವಲ್ಲ. ನೀನ್ ಯೋಳು."

ಹೃದಯದ ಡಾಕ್ಟರ ಕೋಣೆಯಲ್ಲಿ ನಡೆದದ್ದು ಬೇರೆ ಸಂದರ್ಭವಾಗಿದ್ದರೆ ನಗುವ ಸಂಗತಿ. ಹಿಂದೆ ಏನಾದರೂ ಕಾಯಿಲೆ ಇತ್ತೇ ಎಂದು ಅವರು ಕೇಳಿದ್ದೇ ಓನರಮ್ಮ ನನಗೆ "ಊಂ, ಯೋಳು" ಎಂದು ಹೇಳಿ, ಸೆರಗಿನ ತುದಿಯನ್ನು ಎರಡೂ ಕಿವಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿ ಕೂತರು. ಡಾಕ್ಟರು ನಕ್ಕರು. ನಾನು ಹೇಳತೊಡಗಿದ ಮೇಲೆ ನಗು ನಿಂತಿತು. ಯಾವ ಔಷಧಿ, ಎಡಗಡೆ ಕರೆಂಟು ಕೊಟ್ಟಿದ್ದು, ಆಮೇಲೆ ಒಮ್ಮೆಯೂ ಎಕೋ ಮಾಡಿಸದೇ ಇದ್ದದ್ದು, ಎಲ್ಲ ಹೇಳಿದೆ. ಅಲ್ಲೇ ಎಕೋ ಮಾಡಿದರು. ಆ ಕಪ್ಪು ಪರದೆಯ ಮೇಲೆ ಅವರ ಹೃದಯ ಬಡಿಯುವುದನ್ನು ನಾನೂ ನೋಡಿದೆ. ಹಿಂದೆ ನೋಡಿದ್ದಾಗ ಅದು ಮುಷ್ಟಿ ಬಿಗಿದು ಬಿಟ್ಟ ಹಾಗೆ ಕಾಣುತ್ತಿತ್ತು. ಈಗ ಸುಮ್ಮನೆ ಅಲುಗಾಡುತ್ತಿತ್ತು.

"ಕ್ಲಿನಿಕ್ ಡಾಕ್ಟರದ್ದು ತಪ್ಪಿಲ್ಲ ಮೇಡಂ. ಅವರಿಗೆ ಗೊತ್ತೇ ಇಲ್ವಲ್ಲ" ಎಂದರು ಡಾಕ್ಟರು. "ಪಂಪ್ ಮಾಡೋ ಶಕ್ತಿ ತುಂಬಾ ಕಮ್ಮಿ ಆಗಿದೆ. ಮಾತ್ರೆ ಇವೆ, ಉಸಿರಾಟ ಸಲೀಸಾಗುತ್ತೆ, ಸ್ವಲ್ಪ ಚೇತರಿಸ್ಕೊಳ್ತಾರೆ. ಶುರುವಿನಲ್ಲೇ ಗೊತ್ತಾಗಿದ್ರೆ..." ಎಂದು ನಿಲ್ಲಿಸಿ ಮಾತ್ರೆ ಬರೆಯತೊಡಗಿದರು. ಓನರಮ್ಮ ಕಿವಿಯಿಂದ ಸೆರಗು ತೆಗೆದು, ಮುಗೀತಾ ಎಂದು ಕಣ್ಣಲ್ಲೇ ಕೇಳಿದರು.

ಮಾತ್ರೆಗಳು ಕೆಲಸ ಮಾಡಿದವು. ಕಾಲಿನ ಊತ ಇಳಿಯಿತು. ಒಂದೇ ದಿಂಬಿನ ಮೇಲೆ ಮಲಗುವಂತಾದರು. ಕುಡಿಯುವ ನೀರಿಗೂ ಮಿತಿ ಇತ್ತು. ಬಾಯಿ ಒಣಗಿದರೆ ಏಲಕ್ಕಿ ಚೀಪುತ್ತಿದ್ದರು. ಉಪ್ಪು ಮತ್ತೆ ಹೋಯಿತು. ನಾನು ಆ ವರ್ಷ ಭಾನುವಾರ ಸಿಕ್ಕಾಗೆಲ್ಲ ಹೋಗುತ್ತಿದ್ದೆ. ಯಜಮಾನರು ನನ್ನ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ, ಆದರೆ ನಾನು ಹೋದ ತಕ್ಷಣ ಎದ್ದು ಹೋಗಿ ಕಾಫಿಗೆ ಹಾಲು ತರುತ್ತಿದ್ದರು.

ಅಂಥ ಒಂದು ಭಾನುವಾರ ಓನರಮ್ಮ ಹೊಸಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತದೆ ಕೇಳಿದರು: "ಮೊದ್ಲೇ ಯೋಳಿದ್ರೆ ವಾಸಿ ಆಯ್ತಿತ್ತಾ?"

ಸುಳ್ಳು ಹೇಳಲು ನನಗೆ ನಾಲಗೆ ಏಳಲಿಲ್ಲ. "ಇಷ್ಟು ಆಗ್ತಿರ್ಲಿಲ್ಲೇನೋರಿ" ಎಂದೆ.

ಅವರು ಬಿಡಿಸಿದ ಸೊಪ್ಪನ್ನೆಲ್ಲ ಮೊರಕ್ಕೆ ಹಾಕಿದರು. ಆಮೇಲೆ ಹೇಳಿದರು: "ತಾಯಿ ಕಾಯ್ಲೆ ತಕ್ಕಂಡು ಓದ್ಲು. ಬಾಯಿ ಮುಚ್ಕಂಡಿರು ಅಂತ ಅವಳೇನ್ ಯೋಳಿರ್ಲಿಲ್ಲ ಕಣೆ. ಅದು ನಾವೇ ಸೇರ್ಸ್ಕೊಂಡಿದ್ದು."

ಇಷ್ಟು ಸ್ಪಷ್ಟವಾಗಿ ಯೋಚಿಸಬಲ್ಲ ಹೆಂಗಸು ಆ ಎರಡು ವರ್ಷ ಸುಮ್ಮನಿದ್ದರಲ್ಲ ಎಂಬ ಸಂಕಟ ಈಗಲೂ ನನ್ನನ್ನು ಬಿಟ್ಟಿಲ್ಲ. ಭಯ ಬುದ್ಧಿಗಿಂತ ದೊಡ್ಡದು, ಅದೂ ಒಮ್ಮೆ ಸಾವಿನ ಬಾಗಿಲು ನೋಡಿ ಬಂದವರ ಭಯ. ಅದನ್ನು ಆಡಿಕೊಳ್ಳಲು ನನಗೇನು ಹಕ್ಕಿದೆ?

ಅದೇ ಸುಮಾರಿಗೆ ಮೇಲಿನ ಮಹಡಿಗೆ ರಾಯಚೂರು ಕಡೆಯ ಒಬ್ಬ ಹೆಣ್ಣುಮಗಳು ಬಾಡಿಗೆಗೆ ಬಂದಿದ್ದಳು. ಗಂಡ ಕಟ್ಟಡ ಕೆಲಸ, ಇವಳು ಗಾರ್ಮೆಂಟ್ಸ್. ಕೆಲವು ದಿನದಿಂದ ಕೆಲಸಕ್ಕೆ ಹೋಗುತ್ತಿರಲಿಲ್ಲ. ಸುಡುವ ಬಿಸಿಲಿನಲ್ಲೂ ತಲೆಗೆ ದುಪ್ಪಟ್ಟಾ ಬಿಗಿದುಕೊಂಡೇ ಓಡಾಡುತ್ತಿದ್ದಳು. ಯಾರಾದರೂ ಕೇಳಿದರೆ ಟೈಫಾಯ್ಡ್ ಎನ್ನುತ್ತಿದ್ದಳು. ನಿಜ ಹೇಳಿದರೆ ಓನರ್ ಮನೆ ಬಿಡಿಸುತ್ತಾರೆಂದು ಅವಳ ಹೆದರಿಕೆ. ಓನರಮ್ಮ ಒಂದು ಭಾನುವಾರ ಅವಳು ಮೆಟ್ಟಿಲು ಇಳಿದು ಬರುವುದನ್ನೇ ಕಾಯುತ್ತಿದ್ದರು. ನಾನೂ ಅಲ್ಲೇ ಇದ್ದೆ, ಯಜಮಾನರೂ ಹೊರಗೆ ಕುರ್ಚಿಯಲ್ಲಿದ್ದರು.

"ಬಾರವ್ವಾ ಇಲ್ಲಿ. ಕುಂಕುಮದ ನೀರು ಏರಿಸ್ತಾವ್ರಾ ನಿಂಗೆ?"

ಅವಳು ಅರ್ಥವಾಗದೆ ನನ್ನ ಮುಖ ನೋಡಿದಳು. ಕೆಂಪು ಔಷಧಿ ಎಂದು ನಾನು ಹೇಳಿದ ಕೂಡಲೇ ಅಳತೊಡಗಿದಳು. "ಮನಿ ಬಿಡಸಬ್ಯಾಡ್ರಿ ಅಮ್ಮಾರ" ಎಂದು ಕಾಲು ಹಿಡಿಯಲು ಬಗ್ಗಿದಳು.

ಓನರಮ್ಮ ಅವಳ ತೋಳು ಹಿಡಿದು ನಿಲ್ಲಿಸಿದರು. ಹೊಲದಲ್ಲಿ ಕೂಗುತ್ತಿದ್ದ ಆ ಹಳೆಯ ಗಂಟಲು ಎಲ್ಲಿಂದ ಬಂತೋ ಗೊತ್ತಿಲ್ಲ. ಮೇಲಿನ ಮನೆಗಳವರೆಲ್ಲ ಕೇಳುವ ಹಾಗೆ ಹೇಳಿದರು: "ನಂಗೂ ಬಂದಿತ್ತು ಕಣೆ ಕ್ಯಾನ್ಸರು!"

ಯಜಮಾನರು ಕುರ್ಚಿಯಿಂದ ಎದ್ದು ನಿಂತರು. "ಏಯ್, ಏನಮ್ಮಿ ಇದು" ಎಂದರು.

"ಸುಮ್ಕಿರಿ ನೀವು. ಯೋಳ್ದೆ ಇದ್ದು ಏನಾಯ್ತು ನೋಡುದ್ರಲ್ಲ." ಅಷ್ಟಕ್ಕೇ ಉಸಿರು ಸಾಲದೆ ಗೋಡೆಗೆ ಒರಗಿದರು. ಆದರೂ ಅವಳ ತೋಳು ಬಿಡಲಿಲ್ಲ. ನಿಂತು ನಿಂತು ಮಾತಾಡಿದರು. "ನೋಡವ್ವಾ. ಕ್ಯಾನ್ಸರು ವಾಸಿ ಆಯ್ತದೆ. ನಂಗಾಗ್ಲಿಲ್ವಾ? ಆದ್ರೆ ಆ ನೀರು ಗುಂಡ್ಗೆ ಮುಟ್ಟುತ್ತದೆ. ಕರೆದಾಗೆಲ್ಲ ಓಗಿ ಎಕೋ ಮಾಡಿಸ್ಕೋ. ಮುಗುದ್ಮ್ಯಾಕೂ ಓಗು. ಶೀತ ನೆಗಡಿ ಅಂತ ಓದ್ರೂ ಡಾಕ್ಟ್ರಿಗೆ ಇದ್ನ ಮೊದ್ಲು ಯೋಳು. ನಾಚ್ಕೊಬ್ಯಾಡ. ನನ್ನಂಗೆ ಮಾಡ್ಬ್ಯಾಡ."

ಮೆಟ್ಟಿಲ ಕಟಕಟೆಯ ಮೇಲೆಲ್ಲ ತಲೆಗಳು ಬಗ್ಗಿ ನೋಡುತ್ತಿದ್ದವು. ಆಣೆ ಮುರಿದದ್ದಕ್ಕೆ ಓನರಮ್ಮ ಆ ಸಂಜೆ ಗುಡಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದರು. "ಅವ್ಳು ಎಂಗ್ಸೇ ಅಲ್ವಾ, ಅರ್ತ ಮಾಡ್ಕೋತಾಳೆ" ಎಂದು ನನ್ನ ಹತ್ತಿರ ಹೇಳಿದರು. ಮೇಲಿನವಳನ್ನು ಮನೆ ಬಿಡಿಸಲಿಲ್ಲ. ಅವಳಿಗೆ ಕೀಮೊ ಇರುವ ದಿನ ಗಂಜಿ ಕೆಳಗಿನ ಮನೆಯಿಂದಲೇ ಹೋಗುತ್ತಿತ್ತು.

ಓನರಮ್ಮ ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಶ್ರಾವಣದಲ್ಲಿ ಜ್ವರ ಬಂತು, ಕಫ ಕಟ್ಟಿತು, ದುರ್ಬಲವಾದ ಹೃದಯ ಅದನ್ನು ತಡೆಯಲಿಲ್ಲ. ಬೆಳಗಿನ ಕಾಫಿ ಅರ್ಧ ಕುಡಿದು, ಲೋಟ ಮಗನ ಕೈಗೆ ಕೊಟ್ಟು ಹಾಗೇ ಒರಗಿದರಂತೆ. ನಾನು ಮೆಟ್ರೊ ಹಿಡಿದು ಹೋಗುವ ಹೊತ್ತಿಗೆ ಬಾಗಿಲ ಮುಂದೆ ಬೆಂಕಿ ಹಾಕಿದ್ದರು. ನನಗೆ ತಾಯಿ ಸತ್ತದ್ದು ನೆನಪಿಲ್ಲ, ಆಗ ಅಳಲೂ ತಿಳಿದಿರಲಿಲ್ಲ. ಆ ದಿನ ಎರಡನ್ನೂ ಸೇರಿಸಿ ಅತ್ತೆ.

ಹನ್ನೊಂದನೆಯ ದಿನ ಬೀದಿಗೆ ಶಾಮಿಯಾನ ಹಾಕಿದ್ದರು. ನೆಂಟರು, ಹಳೆಯ ಬಾಡಿಗೆದಾರರು, ಅಕ್ಕಪಕ್ಕದ ಕಾರ್ಖಾನೆಯವರು ಬಂದು ಹೋಗುತ್ತಿದ್ದರು. ಯಜಮಾನರು ಕೇಶಮುಂಡನ ಮಾಡಿಸಿಕೊಂಡು ಬಾಗಿಲಲ್ಲಿ ಕೂತಿದ್ದರು. ನಾನು ಎಲೆ ಹಾಕಲು ಓಡಾಡುತ್ತಿದ್ದೆ. ಬಂದವರು ಕೇಳುವ ಮಾತು ಒಂದೇ, ಗಟ್ಟಿಯಾಗಿದ್ರಲ್ಲ, ಏನಾಗಿತ್ತು ಎಂದು. ಮಗ ಮೊದಲು ಬಂದವರಿಗೆ, "ಹಾರ್ಟ್ ಅಟ್ಯಾಕ್" ಎಂದ. ಅವನ ಮಾತು ಮುಗಿಯುವ ಮೊದಲೇ ಯಜಮಾನರು ಕೈ ಅಡ್ಡ ಹಿಡಿದರು.

"ಅಲ್ಲ. ಕ್ಯಾನ್ಸರ್ ಆಗಿತ್ತು. ಅದು ವಾಸಿ ಆಗಿತ್ತು. ಗುಂಡ್ಗೆ ನೋಡಿಸ್ಕೊಳ್ಳಿ ಅಂತ ಆಸ್ಪತ್ರೆಯೋರು ಫೋನ್ ಮಾಡ್ತಿದ್ರು. ನಾನು ರಾಂಗ್ ನಂಬರ್ ಅಂತಿದ್ದೆ."

ಕೇಳಿದವರು ಕೈಮುಗಿದು ಒಳಗೆ ಹೋದರು. ಹಿಂದೆ ಇನ್ನೊಬ್ಬರು ಬಂದರು, ಅದನ್ನೇ ಕೇಳಿದರು. ಯಜಮಾನರು ಒಂದು ಪದವನ್ನೂ ಬಿಡದೆ ಮತ್ತೆ ಅದನ್ನೇ ಹೇಳಿದರು. ಕೊನೆಯ ಪಂಕ್ತಿ ಎದ್ದು, ಶಾಮಿಯಾನ ಬಿಚ್ಚುವವರು ಬಂದು ನಿಂತಾಗಲೂ ಅವರಲ್ಲೊಬ್ಬನನ್ನು ಹತ್ತಿರ ಕರೆದು ಹೇಳುತ್ತಿದ್ದರು.